ನೂರ ಇಪ್ಪತ್ತನಾಲ್ಕು ಕಟ್ಟು

ಮಾರ್ಚ್ 4

ಮಸಿಮೂತಿಯವನೇ,

ಫೋನು ಬಿಟ್ಟು ಅಕ್ಕ ಕಾಗದ ಬರೆಯಲು ಕೂತಿದ್ದಾಳೆ ಎಂದು ನಗಬೇಡ. ಚುನಾವಣೆ ಮುಗಿಯುವವರೆಗೆ ನನ್ನ ಫೋನು ಮೇಷ್ಟ್ರ ಮೇಜಿನ ಖಾನೆಯಲ್ಲಿರುತ್ತದೆ. ಮೇಷ್ಟ್ರು ಅಂದರೆ ನಮ್ಮ ಡಾಕ್ಟರ ಚುನಾವಣೆ ಉಸ್ತುವಾರಿ ನೋಡಿಕೊಳ್ಳುವವರು. ಹಿಂದೆ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದರಂತೆ. ಅವರು ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. "ಫೋನಲ್ಲಿ ಆಡಿದ ಮಾತು ಯಾರ್ಯಾರ ಕಿವಿಗೆ ಬೀಳುತ್ತೋ ಹೇಳಕ್ಕಾಗಲ್ಲಮ್ಮ, ಇಲ್ಲಿಟ್ಟಿರಿ" ಅಂದರು. ಇಟ್ಟೆ.

ಹೌದು, ಡಾಕ್ಟರು ಚುನಾವಣೆಗೆ ನಿಂತಿದ್ದಾರೆ. ಪುಟ್ಟಿ ಎರಡು ವರ್ಷದವಳಿದ್ದಾಗ ಉಸಿರು ಸಿಗದೆ ನೀಲಿಗಟ್ಟಿದ್ದಳಲ್ಲ, ಆಗ ಮೂರು ದಿನ ಮನೆಗೆ ಹೋಗದೆ ಅವಳನ್ನು ಉಳಿಸಿಕೊಟ್ಟ ಅದೇ ಮಕ್ಕಳ ಡಾಕ್ಟರು. "ನನ್ನ ಖರ್ಚಿನ ಏಜೆಂಟ್ ನೀವೇ ಆಗಬೇಕು" ಅಂದಾಗ ಒಲ್ಲೆ ಅನ್ನಲು ಬಾಯಿ ಬರಲಿಲ್ಲ. ಪ್ರಚಾರಕ್ಕೆ ಒಬ್ಬ ಅಭ್ಯರ್ಥಿ ಇಷ್ಟೇ ಖರ್ಚು ಮಾಡಬೇಕು ಎಂದು ಮಿತಿ ಇದೆ. ಯಾರಿಂದ ಎಷ್ಟು ದೇಣಿಗೆ ಬಂತು, ಯಾವುದಕ್ಕೆ ಎಷ್ಟು ಹೋಯಿತು ಎಂದು ಬರೆದಿಟ್ಟು, ಕೊನೆಗೆ ಪ್ರಮಾಣ ಮಾಡಿ ಸಹಿ ಹಾಕುವುದು ನನ್ನ ಕೆಲಸ. ಮಿತಿ ದಾಟಿದರೆ ಡಾಕ್ಟರು ಗೆದ್ದರೂ ಸ್ಥಾನ ಹೋಗುತ್ತದೆ. ಸುಳ್ಳು ಬರೆದರೆ ಸಹಿ ಹಾಕಿದವಳು ಜೈಲಿಗೆ ಹೋಗುತ್ತಾಳೆ.

ಈಗ ನಮ್ಮ ಅಪ್ಪನ ಪ್ರೆಸ್ಸಿಗೆ, ಅಂದರೆ ನಿನಗೆ, ಒಂದು ಕೆಲಸ. ನಾಲ್ಕು ಪುಟದ ಬಣ್ಣದ ಕರಪತ್ರ, ಅರವತ್ತೆರಡು ಸಾವಿರ ಪ್ರತಿ. ಇಲ್ಲಿನ ಪ್ರೆಸ್ಸುಗಳಿಗೆ ಚುನಾವಣಾ ಆಯೋಗದ ಖರ್ಚು ವೀಕ್ಷಕರ ಕಡೆಯವರು ದಿನಾ ಬಂದು ಕೂರುತ್ತಾರೆ, ನೀನಾದರೆ ದೂರದಲ್ಲಿದ್ದೀಯ. ಕೆಳಗೆ ಮುದ್ರಕರ ಹೆಸರು, ಪ್ರತಿಗಳ ಸಂಖ್ಯೆ ಹಾಕುವಲ್ಲಿ ಐದು ಸಾವಿರ ಎಂದು ಹಾಕಬೇಕಂತೆ. ಲೆಕ್ಕದಲ್ಲಿ ನಾನೂ ಐದೇ ಬರೆಯುತ್ತೇನೆ. ಪೂರ್ತಿ ಬರೆದರೆ ಮಿತಿ ದಾಟುತ್ತದೆ. ಎಲ್ಲ ಕಡೆಯವರೂ ಹೀಗೆಯೇ ಮಾಡುತ್ತಾರಂತೆ. ನನಗೆ ಒಳಗೊಳಗೇ ಅಳುಕು. ಆದರೆ ಪುಟ್ಟಿ ಅಂಗಳದಲ್ಲಿ ಕುಣಿಯುವುದನ್ನು ನೋಡಿದರೆ ಡಾಕ್ಟರಿಗೆ ಇಷ್ಟಾದರೂ ಮಾಡಬೇಕು ಅನ್ನಿಸುತ್ತದೆ.

ಪುಟ್ಟಿಯನ್ನು ಶಾಲೆಯಿಂದ ಕರೆತರಲು ಮೇಷ್ಟ್ರು ತಾವಾಗಿಯೇ ಕಾರು ಕಳಿಸುತ್ತಾರೆ. ನಿನ್ನ ಭಾವ ಹೋದಮೇಲೆ ಇಷ್ಟು ಅನುಕೂಲ ನನಗೆ ಯಾರೂ ಮಾಡಿರಲಿಲ್ಲ.

ನಿನ್ನ ಅಕ್ಕ


ಮಾರ್ಚ್ 18

ಲೆಕ್ಕದಕ್ಕಾ,

ಕೆಲಸ ಮುಗಿಯಿತು. ಅಪ್ಪನ ಮೆಷಿನ್ನು ಒಂಬತ್ತು ದಿನದಲ್ಲಿ ಒಂದೇ ಸಲ ಮುನಿಸಿಕೊಂಡಿತು. ಮೊದಲ ಪ್ರತಿಗಳಲ್ಲಿ ಡಾಕ್ಟರ ಮುಖ ಹಸಿರಾಗಿ ಬಂದಿತ್ತು, ಅವರಿಗೇ ಯಾರಾದರೂ ಔಷಧಿ ಕೊಡಬೇಕು ಅನ್ನುವಂತೆ. ಸರಿಮಾಡಿದೆ. "ಐದು ಸಾವಿರ ಪ್ರತಿಗಳು" ಎಂದು ಹಾಕುವಾಗ ಮಾತ್ರ ಕೈ ಒಂದು ಗಳಿಗೆ ನಿಂತಿತು. ಎಲ್ಲ ಕ್ಷೇತ್ರಗಳ ಖರ್ಚು ವೀಕ್ಷಕರ ವಿಳಾಸವಿರುವ ನೋಟೀಸನ್ನು ನಮ್ಮ ಪ್ರೆಸ್ಸಿಗೂ ಕಳಿಸಿದ್ದಾರೆ. ಮೆಷಿನ್ನಿನ ಎದುರಿನ ಗೋಡೆಗೇ ಅಂಟಿಸಿದ್ದೆ. ಅದರ ಮೇಲೊಂದು ಕ್ಯಾಲೆಂಡರ್ ನೇತುಹಾಕಿ ಮುಂದುವರಿಸಿದೆ.

ಕಟ್ಟು ಕಟ್ಟಿದ್ದು ಚಿಕ್ಕಮ್ಮನೇ. ಎಪ್ಪತ್ತು ದಾಟಿದರೂ ಅವಳ ಕ್ರಮ ಒಂದಿಷ್ಟೂ ಅಲುಗಿಲ್ಲ: ಐದುನೂರಕ್ಕೆ ಒಂದು ಕಟ್ಟು, ಕಟ್ಟಿನೊಳಗೆ ನಂಬರು ಬರೆದ ಒಂದು ಚೀಟಿ, ಚೀಟಿ ಹರಿದ ಪುಸ್ತಕದಲ್ಲಿ ಅದೇ ನಂಬರಿನ ಉಳಿದ ಅರ್ಧ. ಯಾವ ಕಟ್ಟಿನಲ್ಲಿ ಒಂದು ಹಾಳೆ ಕಡಿಮೆ ಬಂದರೂ ತನ್ನ ತಲೆ ಕೊಡುತ್ತೇನೆ ಎಂದು ಅಪ್ಪನ ಕಾಲದಿಂದ ಹೇಳಿಕೊಂಡು ಬಂದವಳು. ವ್ಯಾನಿನ ಜೊತೆ ನಿಮ್ಮ ಮೇಷ್ಟ್ರೇ ಬಂದಿದ್ದರು. ಇವಳು ಬಾಗಿಲಿಗೆ ಅಡ್ಡ ಸ್ಟೂಲು ಹಾಕಿಕೊಂಡು ಕೂತು, "ಸೈನ್ ಹಾಕ್ದೆ ಒಂದ್ ಕಟ್ಟೂ ಹೊಸಿಲು ದಾಟಲ್ಲ" ಅಂದಳು. ನನಗೋ ಮುಜುಗರ. ಅವರು ನಕ್ಕು, ಪುಸ್ತಕದ ಕೊನೆಯ ಅರ್ಧದಲ್ಲಿ "ಒಂದರಿಂದ ನೂರ ಇಪ್ಪತ್ತನಾಲ್ಕು ಮುಟ್ಟಿದೆ" ಎಂದು ಬರೆದು ದುಂಡಗೆ ಸಹಿ ಹಾಕಿದರು. "ನಮ್ಮಜ್ಜಿನೂ ಹಿಂಗೇ ಇದ್ರು" ಅಂದರು. ಒಳ್ಳೆಯ ಮನುಷ್ಯನೇ ಇರಬೇಕು.

ಪುಟ್ಟಿಗೆ ಮಾಮನ ಕಡೆಯಿಂದ ಬಣ್ಣದ ಕಾಗದದ ಚೂರುಗಳನ್ನು ಕಳಿಸಿದ್ದೇನೆ, ಕತ್ತರಿಸಿ ಆಡಿಕೊಳ್ಳಲಿ.

ನಿನ್ನ ತಮ್ಮ


ಮಾರ್ಚ್ 29

ತಮ್ಮಾ,

ನಗುವ ಹೊತ್ತಲ್ಲ ಇದು. ಗಮನವಿಟ್ಟು ಓದು.

ಇಲ್ಲಿಗೆ ಬಂದಿರುವ ವೀಕ್ಷಕಿಗೆ ನಾವೆಲ್ಲ ಬಾಟಲಿ ಮೇಡಂ ಅನ್ನುತ್ತೇವೆ. ಯಾರು ಏನು ಕೊಟ್ಟರೂ ಮುಟ್ಟುವುದಿಲ್ಲ, ತಮ್ಮ ಬಾಟಲಿಯ ನೀರನ್ನೇ ಕುಡಿಯುತ್ತಾರೆ. ನಿನ್ನೆ ಮಧ್ಯಾಹ್ನ ಕಚೇರಿಗೆ ಬಂದು ಮೂಲೆಯ ಕಸದ ಡಬ್ಬದ ಹತ್ತಿರ ಬಗ್ಗಿದರು. ಕಟ್ಟು ಬಿಚ್ಚಿದ ಕಾಗದಗಳ ನಡುವಿನಿಂದ ಒಂದು ಸಣ್ಣ ಚೀಟಿ ಎತ್ತಿ ನನ್ನ ಮೇಜಿನ ಮೇಲಿಟ್ಟರು. ಚಿಕ್ಕಮ್ಮನ ಅಕ್ಷರ. ನೂರ ಹದಿನೆಂಟು.

"ಏನಮ್ಮ ಇದು?" ಅಂದರು.

ಆ ಚೀಟಿಗಳನ್ನು ಹರಿದು ಹರಿದು ಬೆಳೆದವಳು ನಾನು. ಐದು ಸಾವಿರಕ್ಕೆ ಹತ್ತೇ ಕಟ್ಟು, ನೂರ ಹದಿನೆಂಟನೆಯದು ಎಲ್ಲಿಂದ ಬರಬೇಕು? "ಕಾಗದದ ಮಿಲ್ಲಿನವರ ನಂಬರಿರಬೇಕು ಮೇಡಂ" ಅಂದೆ. ಅವರು ನನ್ನ ಮುಖ ನೋಡಿದರು, ಚೀಟಿಯನ್ನು ಡೈರಿಯೊಳಗೆ ಇಟ್ಟುಕೊಂಡರು, ಎದ್ದು ಹೋದರು. ಅಷ್ಟೇ. ಒಂದು ಮಾತು ಬೈದಿದ್ದರೂ ಇಷ್ಟು ಹೆದರುತ್ತಿರಲಿಲ್ಲ.

ನೀನು ಪ್ರೂಫು, ಪ್ಲೇಟು, ಎಲ್ಲ ತೆಗೆದುಹಾಕಿರುತ್ತೀಯ. ಚೀಟಿ ಹಾಕಬೇಡ ಎಂದು ಚಿಕ್ಕಮ್ಮನಿಗೆ ಹೇಳಲು ಮಾತ್ರ ನಿನಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಉಸಿರಾಡುವುದು ನೆನಪಿರುವುದಿಲ್ಲವಲ್ಲ, ಹಾಗೆ. ಆ ಪುಸ್ತಕವನ್ನು ಇವತ್ತೇ ಸುಡು. ಒಂದು ಹಾಳೆಯೂ ಉಳಿಯಬಾರದು.

ನಡೆದದ್ದನ್ನು ಮೇಷ್ಟ್ರಿಗೆ ಹೇಳಿದೆ. ಸಿಟ್ಟಾಗಲಿಲ್ಲ. "ಪುಟ್ಟಿಗೆ ಹೊಸ ಡ್ರೈವರ್ ಹಾಕಿದೀನಮ್ಮ, ಇನ್ಮೇಲೆ ಬೆಳಿಗ್ಗೆನೂ ಅವನೇ ಬಿಡ್ತಾನೆ, ಸಂಜೆನೂ ಅವನೇ ಕರ್ಕೊಂಡ್ಬರ್ತಾನೆ" ಅಂದರು. ಯಾಕೆ ಆ ಮಾತನ್ನು ಆಗಲೇ ಹೇಳಿದರೋ ಗೊತ್ತಿಲ್ಲ.

ಅಕ್ಕ


ಏಪ್ರಿಲ್ 2

ಅಕ್ಕಾ,

ಪುಸ್ತಕ ಸುಟ್ಟೆ. ಹಿತ್ತಲಲ್ಲಿ ಹಾಕಿ, ಬೂದಿಯನ್ನೂ ಕೋಲಿನಿಂದ ಕೆದಕಿ ನೀರು ಸುರಿದೆ. ಒಂದು ಚೀಟಿಯಿಂದ ಯಾರೂ ಏನನ್ನೂ ಸಾಧಿಸಲಾರರು. ಧೈರ್ಯವಾಗಿರು.

ಚಿಕ್ಕಮ್ಮ ಎರಡು ದಿನದಿಂದ ನನ್ನೊಡನೆ ಮಾತಾಡುತ್ತಿಲ್ಲ. ಅದು ಇದ್ದದ್ದೇ ಬಿಡು.

ತಮ್ಮ


ಏಪ್ರಿಲ್ 20

ಪ್ರೀತಿಯ ಸಹೋದರರಿಗೆ,

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನೀವೂ ಕ್ಷೇಮವೆಂದು ಭಾವಿಸುತ್ತೇನೆ. ನಮ್ಮ ಡಾಕ್ಟರು ಬಹುಮತದಿಂದ ಗೆದ್ದಿರುವುದು ನಿಮಗೆ ತಿಳಿದಿರಬಹುದು. ಚುನಾವಣಾ ಖರ್ಚಿನ ಲೆಕ್ಕವನ್ನು ಮೇ 9ರಂದು ಸಲ್ಲಿಸಬೇಕಾಗಿದೆ. ಆ ಸಂಬಂಧ ನಿಮ್ಮಲ್ಲಿ ಉಳಿದಿರುವ ಎಲ್ಲ ಕಾಗದಪತ್ರಗಳನ್ನು ಈ ಪತ್ರ ತಂದವರಿಗೆ ಕೊಡಬೇಕೆಂದೂ, ಅವರು ತೋರಿಸಿದ ಕಡೆ ಸಹಿ ಮಾಡಬೇಕೆಂದೂ ಕೋರುತ್ತೇನೆ. ಇದರಿಂದ ನನಗೆ ಬಹಳ ಉಪಕಾರವಾಗುತ್ತದೆ.

ಇಂತಿ ನಿಮ್ಮ ಸಹೋದರಿ


ಏಪ್ರಿಲ್ 22

ಅಕ್ಕಾ,

ನಿನ್ನ ಪತ್ರ ಹಿಡಿದು ಮೇಷ್ಟ್ರೇ ಬಂದಿದ್ದರು. ಅವರು ಕೇಳಿದ್ದನ್ನೆಲ್ಲ ಮಾಡಿದ್ದೇನೆ. ಅವರ ಕೈಬರಹದಲ್ಲಿದ್ದ ಆರ್ಡರ್ ಕಾಗದ ಕೊಟ್ಟೆ. ಚೀಟಿ ಪುಸ್ತಕ ಎಲ್ಲಿ ಎಂದು ಎರಡೆರಡು ಸಲ ಕೇಳಿದರು. ಸುಟ್ಟಿದ್ದೇನೆ ಅಂದೆ. ನನ್ನ ಬೆನ್ನು ತಟ್ಟಿದರು.

ನನಗೆ ಮನಸ್ಸಿಗೆ ಬಹಳ ನೋವಾಗಿದೆ ಅಕ್ಕಾ. ಹುಟ್ಟಿದಾಗಿನಿಂದ ಒಂದು ದಿನ ನನ್ನನ್ನು ನೀವು ಅಂದವಳಲ್ಲ ನೀನು. ಮಸಿಮೂತಿ, ಮಂಕು, ಕೋತಿ ಎಂದೆಲ್ಲ ಕರೆದಿದ್ದೀಯ, ಒಂದಕ್ಕೂ ನಾನು ಬೇಜಾರು ಮಾಡಿಕೊಂಡಿಲ್ಲ. ಚೀಟಿ ಹೋಗಲು ಬಿಟ್ಟದ್ದು ನನ್ನ ತಪ್ಪು, ಒಪ್ಪುತ್ತೇನೆ. ಅದಕ್ಕೆ ಕಪಾಳಕ್ಕೆ ಎರಡು ಬಿಟ್ಟಿದ್ದರೂ ಆಗುತ್ತಿತ್ತು. ಸರ್ಕಾರಿ ಕಚೇರಿಯವರಂತೆ ಬರೆದು ದೂರ ಮಾಡಬೇಕಿತ್ತೇ?

ಇನ್ನು ನಾನಾಗಿ ಬರೆದು ತೊಂದರೆ ಕೊಡುವುದಿಲ್ಲ.

ತಮ್ಮ


ಏಪ್ರಿಲ್ 27

ಅಯ್ಯೋ ಮಂಕೇ,

ಅದು ನಾನು ಬರೆದ ಪತ್ರವಲ್ಲ. ಅಕ್ಷರ ಮಾತ್ರ ನನ್ನದು. ಮೇಷ್ಟ್ರು ನನ್ನ ಮೇಜಿನ ಎದುರು ಕೂತು ಒಂದೊಂದೇ ಸಾಲು ಹೇಳಿ ಬರೆಸಿದರು. ಪುಟ್ಟಿ ಶಾಲೆ ಮುಗಿದು ಒಂದು ಗಂಟೆಯಾದರೂ ಮನೆಗೆ ಬಂದಿರಲಿಲ್ಲ. "ಕಾರು ದಾರೀಲಿದೆಯಮ್ಮ, ನೀವು ಬರೀರಿ" ಅನ್ನುತ್ತಿದ್ದರು. ಸಹಿ ಹಾಕಿ ಪೆನ್ನು ಕೆಳಗಿಟ್ಟೆ, ಹೊರಗೆ ಕಾರಿನ ಬಾಗಿಲು ತೆರೆದ ಸದ್ದಾಯಿತು. ನೀವು ಎಂದು ಬರೆದರೆ ನಿನಗೆ ಅನುಮಾನ ಬರುತ್ತದೆ, ಏನನ್ನೂ ಕೊಡುವುದಿಲ್ಲ ಎಂದುಕೊಂಡಿದ್ದೆ. ನೀನು ಮುನಿಸಿಕೊಂಡು ಕೂತೆ!

ನಿನ್ನೆ ಮೇಷ್ಟ್ರು ನಿನ್ನ ಸಹಿಯಿದ್ದ ಕಾಗದ ತೋರಿಸಿದರು. ತಮ್ಮಾ, ಅದರಲ್ಲಿ ಏನಿದೆ ಎಂದು ನೀನು ಓದಿದ್ದೀಯಾ? ಡಾಕ್ಟರ ಕಡೆಯಿಂದ ಬಂದ ಆರ್ಡರ್ ಐದು ಸಾವಿರ ಮಾತ್ರ, ಉಳಿದ ಐವತ್ತೇಳು ಸಾವಿರವನ್ನು ನನ್ನ ಅಕ್ಕ ಯಾರಿಗೂ ತಿಳಿಸದೆ ತಾನೇ ಹೇಳಿ ಮಾಡಿಸಿಕೊಂಡಳು ಎಂದಿದೆ. ಅಭ್ಯರ್ಥಿಗೆ ಗೊತ್ತಿಲ್ಲದೆ ಬೇರೆಯವರು ಮಾಡಿದ ಖರ್ಚು ಅಭ್ಯರ್ಥಿಯ ಮಿತಿಗೆ ಸೇರುವುದಿಲ್ಲ, ಮಾಡಿದವರ ತಲೆಗೆ ಬರುತ್ತದೆ. ಬಾಟಲಿ ಮೇಡಂ ಹತ್ತಿರ ಈಗ ಹದಿನಾಲ್ಕು ಚೀಟಿಗಳಿವೆ. ಸಂಖ್ಯೆ ಸುಳ್ಳು ಎಂದು ಅವರಿಗೆ ಖಚಿತವಾಗಿದೆ. ಯಾರೋ ಒಬ್ಬರು ಸಿಗಬೇಕು. ಆ ಒಬ್ಬಳು ನಾನು.

ಮೇ 9ಕ್ಕೆ ಲೆಕ್ಕದ ಜೊತೆ, ಹೌದು ನಾನೇ ಮಾಡಿದ್ದು ಎಂದು ನಾನೂ ಬರೆದುಕೊಡಬೇಕಂತೆ. ಡಾಕ್ಟರನ್ನು ಹೇಗೋ ಕಂಡೆ. ಪುಟ್ಟಿ ಹೇಗಿದ್ದಾಳೆ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ, "ಆ ವಿಷಯ ನನ್ಹತ್ರ ಬೇಡಮ್ಮ, ಮೇಷ್ಟ್ರಿಗೇ ಹೇಳಿ" ಎಂದು ಕೈ ತೊಳೆಯಲು ಎದ್ದರು. ಅವರಿಗೆ ಎಲ್ಲ ಗೊತ್ತಿದೆ. ಕೈ ಒರೆಸಿಕೊಳ್ಳುವಾಗ ನನ್ನ ಕಡೆ ನೋಡಲೇ ಇಲ್ಲ.

ಭಯವಾಗುತ್ತದೆ ತಮ್ಮಾ. ಹಗಲು ಹೊತ್ತೇ ಚಿಲಕ ಹಾಕಿಕೊಂಡಿರುತ್ತೇನೆ. ಯಾರಾದರೂ ಬಾಗಿಲು ತಟ್ಟಿದರೆ ಪುಟ್ಟಿಯ ಬಾಯಿಯ ಮೇಲೆ ಕೈ ಇಟ್ಟು ಉಸಿರು ಬಿಗಿಹಿಡಿದು ಕೂರುತ್ತೇನೆ, ಮನೆಯಲ್ಲಿ ಯಾರೂ ಇಲ್ಲ ಅಂದುಕೊಳ್ಳಲಿ ಎಂದು. ಅವಳಿಗೆ ಇದೊಂದು ಆಟ. ಫೋನು ವಾಪಸು ಕೊಟ್ಟಿದ್ದಾರೆ, ಅದನ್ನು ಮುಟ್ಟಲೂ ಹೆದರಿಕೆ. ಇದನ್ನು ಪುಟ್ಟಿಯ ಟೀಚರ್ ಕೈಯಲ್ಲಿ ಅಂಚೆಗೆ ಹಾಕಿಸುತ್ತಿದ್ದೇನೆ. ಅವರ ವಿಳಾಸಕ್ಕೇ ಬರೆ.

ಯಾಕೆ ಸಹಿ ಹಾಕಿದೆಯೋ?

ಅಕ್ಕ


ಮೇ 1

ಅಕ್ಕಾ,

ನಿನ್ನ ಪತ್ರ ಸಿಕ್ಕಿತು. ಸಹಿ ಹಾಕಿದ್ದನ್ನು ನಿನಗೆ ಬರೆಯಲಿಲ್ಲ. ಅಂದರೆ ಒಳಗೆಲ್ಲೋ ನನಗೂ ಗೊತ್ತಿತ್ತು.

ನಡೆದದ್ದು ಹೇಳುತ್ತೇನೆ, ಆಮೇಲೆ ಎಷ್ಟು ಬೇಕಾದರೂ ಬೈಯಿ. ಮೇಷ್ಟ್ರು ಟೈಪ್ ಮಾಡಿದ ಕಾಗದ ಮುಂದಿಟ್ಟು "ಇದು ನಿಮ್ಮಕ್ಕನಿಗೆ ರಕ್ಷಣೆ" ಅಂದರು. ಜೊತೆಗೆ ಬಂದಿದ್ದ ಇಬ್ಬರು ಮೆಷಿನ್ನಿಗೆ ಒರಗಿ ನಿಂತಿದ್ದರು. ಒಬ್ಬ ಅದರ ಬೆಲ್ಟನ್ನು ಬೆರಳಲ್ಲಿ ಎಳೆದು ಎಳೆದು ಬಿಡುತ್ತಿದ್ದ. ನಾನು ಕಾಗದ ಓದಿದೆ ಅಕ್ಕಾ. ಆದರೆ ಮೂವತ್ತು ವರ್ಷ ಪ್ರೂಫು ನೋಡಿದವನ ಓದು ನಿನಗೆ ಗೊತ್ತಲ್ಲ, ಅಕ್ಷರ ಕಾಣುತ್ತದೆ, ಅರ್ಥ ಕಾಣುವುದಿಲ್ಲ. ಎರಡು ಕಡೆ ಅಲ್ಪವಿರಾಮ ಬಿಟ್ಟುಹೋಗಿತ್ತು, ಹಾಕಿದೆ. ಕೆಳಗೆ ಸಹಿ ಮಾಡಿದೆ. ನನ್ನ ಅಕ್ಕನನ್ನು ಜೈಲಿಗೆ ಕಳಿಸುವ ಕಾಗದವನ್ನು ತಿದ್ದಿ ಕೊಟ್ಟಿದ್ದೇನೆ. ನಿನ್ನ ಪತ್ರ ಓದಿ ಊಟಕ್ಕೆ ಕೂತೆ. ಆ ಸಾಲುಗಳು ಒಂದೊಂದಾಗಿ ತಲೆಯೊಳಗೆ ಬಂದವು. ತಟ್ಟೆ ಬಿಟ್ಟು ಎದ್ದೆ.

ಇನ್ನೊಂದು ವಿಷಯ. ಚೀಟಿ ಪುಸ್ತಕ ನಾನು ಸುಟ್ಟಿಲ್ಲ. ನೀನು ಹೆದರಿದ್ದೆ, ನೆಮ್ಮದಿಯಾಗಲಿ ಎಂದು ಸುಳ್ಳು ಬರೆದೆ. ಸುಡಲೆಂದು ಹುಡುಕಿದಾಗ ಅದು ಸಿಗಲಿಲ್ಲ. ಚಿಕ್ಕಮ್ಮ ಅದನ್ನು ತನ್ನ ಸ್ಟೂಲಿನ ಮೆತ್ತೆಯೊಳಗೆ ಹೊಲಿದು ಅದರ ಮೇಲೇ ಕೂತಿದ್ದಳು. ಮೇಷ್ಟ್ರು ಪುಸ್ತಕ ಕೇಳುತ್ತಿದ್ದಾಗಲೂ ಎರಡು ಮಾರು ದೂರದಲ್ಲಿ ಅದರ ಮೇಲೇ ಕೂತಿದ್ದಳು. ಮೊನ್ನೆ ಮೆತ್ತೆ ಬಿಚ್ಚಿ ಕೊಟ್ಟಳು. "ಅವ್ನ್ ಕೈ ಅದರಲ್ಲಿದೆ ಕಣೋ, ಸುಡ್ತೀಯಾ?" ಅಂದಳು.

ಮೇಷ್ಟ್ರ ಅಕ್ಷರ, ಮೇಷ್ಟ್ರ ಸಹಿ. ಒಂದರಿಂದ ನೂರ ಇಪ್ಪತ್ತನಾಲ್ಕು ಮುಟ್ಟಿದೆ. ನೀನು ಗುಟ್ಟಾಗಿ ಮಾಡಿಸಿದ್ದಾದರೆ ಅವರಿಗೆ ಹೇಗೆ ಮುಟ್ಟಿತು? ಪುಸ್ತಕ ಸುಟ್ಟಿದೆ ಎಂದು ನಂಬಿಯೇ ಅವರು ಈ ಕಥೆ ಕಟ್ಟಿದ್ದಾರೆ. ಏನು ಮಾಡಲಿ ಹೇಳು.

ತಮ್ಮ


ಮೇ 4

ತಮ್ಮಾ,

ಸುಡು. ಈ ಸಲ ನಿಜವಾಗಿ ಸುಡು.

ಆ ಪುಸ್ತಕ ಹೊರಬಂದರೆ ಮೊದಲು ಸಿಕ್ಕಿಬೀಳುವವನು ನೀನು. ಸುಳ್ಳು ಸಂಖ್ಯೆ ಅಚ್ಚುಹಾಕಿದವನು ನೀನು, ಸುಳ್ಳು ಹೇಳಿಕೆಗೆ ಸಹಿ ಹಾಕಿದವನೂ ನೀನೇ. ಪ್ರೆಸ್ಸಿಗೆ ಬೀಗ ಬೀಳುತ್ತದೆ. ಚಿಕ್ಕಮ್ಮ ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಬೇಕು? ನಾನಾದರೆ ಒಬ್ಬಳೇ ಹೋಗುತ್ತೇನೆ. ಬರೀ ದಂಡ ಬೀಳಬಹುದು ಎಂದೂ ಮೇಷ್ಟ್ರು ಹೇಳುತ್ತಾರೆ. ನಾನು ನಂಬುವುದಿಲ್ಲ, ಆದರೂ ಆ ಮಾತನ್ನೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತೇನೆ.

ಒಂಬತ್ತರಂದು ಬೆಳಿಗ್ಗೆ ಹನ್ನೊಂದಕ್ಕೆ ಸಹಿ ಹಾಕುತ್ತೇನೆ. ನಿರ್ಧಾರ ಮಾಡಿಯಾಗಿದೆ. ಪುಟ್ಟಿಯ ಬಟ್ಟೆಗಳನ್ನು ಒಂದು ಪೆಟ್ಟಿಗೆಗೆ ಹಾಕಿದ್ದೇನೆ. ಯಾಕೆ ಎಂದು ಕೇಳಿದಳು, ರಜೆಗೆ ಮಾಮನ ಮನೆಗೆ ಅಂದೆ. ಕುಣಿದಾಡಿದಳು. ಅವಳಿಗೆ ಹಾಲಿನ ಕೆನೆ ಸೇರುವುದಿಲ್ಲ, ಸೋಸಿ ಕೊಡು. ಧೂಳಿಗೆ ಉಸಿರು ಕಟ್ಟುತ್ತದೆ, ಕಾಗದ ಕತ್ತರಿಸುವ ಕೋಣೆಗೆ ಬಿಡಬೇಡ. ನನ್ನ ವಿಷಯ ಕೇಳಿದರೆ ಲೆಕ್ಕ ಬರೆಯಲು ದೂರದ ಊರಿಗೆ ಹೋಗಿದ್ದಾಳೆ ಅನ್ನು.

ಒಳಗೆ ಹೋದರೆ ಅವಳು ನನ್ನ ಮುಖ ಮರೆಯುತ್ತಾಳೆ ಅನ್ನುವುದೊಂದೇ ನನಗಿರುವ ಭಯ. ಮಿಕ್ಕಿದ್ದನ್ನು ಹೇಗೋ ತಡೆದುಕೊಳ್ಳುತ್ತೇನೆ.

ನಿನ್ನ ಅಕ್ಕ


ಮೇ 7, ಬಸ್ ನಿಲ್ದಾಣದಿಂದ

ಲೆಕ್ಕದಕ್ಕಾ,

ನಿನ್ನ ಪತ್ರ ಇವತ್ತು ಬೆಳಿಗ್ಗೆ ಸಿಕ್ಕಿತು. ಪುಸ್ತಕ ನಿನ್ನೆಯೇ ಹೋಯಿತು.

ನಿನ್ನನ್ನು ಕೇಳಿದ್ದು ನಾನೇ. ಉತ್ತರ ಬರುವವರೆಗೆ ಕಾಯಲಿಲ್ಲ, ಯಾಕೆಂದರೆ ನೀನು ಸುಡು ಅನ್ನುತ್ತೀಯ ಎಂದು ಗೊತ್ತಿತ್ತು. ನೀನು ಹಾಗೆಂದಿದ್ದರೆ ಸುಟ್ಟೂಬಿಡುತ್ತಿದ್ದೆ. ನಾನು ಅಂಥ ಪುಕ್ಕಲನೇ. ಅದಕ್ಕೇ ನಿನ್ನೆ ಗೋಡೆಯ ಕ್ಯಾಲೆಂಡರ್ ತೆಗೆದು, ನೋಟೀಸಿನಲ್ಲಿದ್ದ ನಿಮ್ಮ ವೀಕ್ಷಕಿಯ ವಿಳಾಸ ಬರೆದುಕೊಂಡು, ರಿಜಿಸ್ಟರ್ ಪಾರ್ಸೆಲ್ ಮಾಡಿ ಬಂದೆ. ಜೊತೆಗೆ ನನ್ನ ಕೈಯಾರೆ ಎರಡು ಪುಟ ಬರೆದಿಟ್ಟೆ: ಆರ್ಡರ್ ಯಾರದು, ಕಟ್ಟು ಎಷ್ಟು, ಯಾರು ಒಯ್ದರು, ಸುಳ್ಳು ಸಂಖ್ಯೆ ಹಾಕಿದ್ದು ನಾನು, ಮೊದಲಿನ ಹೇಳಿಕೆಗೆ ಹೇಗೆ ಸಹಿ ಹಾಕಿದೆ. ನೀನು ಕೇಳಿಯೇ ನಾನು ಮಾಡಿದ್ದು ಎಂದೂ ಬರೆದಿದ್ದೇನೆ. ಅದನ್ನು ಬಿಟ್ಟರೆ ಮಿಕ್ಕಿದ್ದನ್ನು ಯಾರೂ ನಂಬುವುದಿಲ್ಲ. ಈ ಸಲ ಅರ್ಥ ನೋಡಿ ಓದಿದೆ, ಎರಡು ಸಲ. ಕೌಂಟರಿನವನು ಕೊಟ್ಟ ರಸೀದಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದೇನೆ.

ಪ್ರೆಸ್ಸಿಗೆ ಬೀಗ ಬೀಳಬಹುದು. ಚಿಕ್ಕಮ್ಮನಿಗೆ ಹೇಳಿದೆ. "ಎಣಿಸಿದ್ದು ಸರಿಯಿತ್ತಲ್ಲ?" ಅಂದಳು. ಸರಿಯಿತ್ತು ಅಂದೆ. ಪಕ್ಕದ ಮನೆಯವರ ಹತ್ತಿರ ಹೋಗಿ ಹರಟೆಗೆ ಕೂತಳು.

ನೀನು ಸಹಿ ಹಾಕಬೇಡ ಅಕ್ಕಾ. ಕೇಳಿದೆಯಾ? ಹಾಕಬೇಡ. ನಾಳೆ, ಎಂಟನೇ ತಾರೀಖು, ಹತ್ತು ಗಂಟೆಗೆ ನಾವಿಬ್ಬರೂ ಪುಟ್ಟಿಯನ್ನು ಕರೆದುಕೊಂಡು ಬಾಟಲಿ ಮೇಡಂ ಹತ್ತಿರ ಹೋಗೋಣ. ನೀನು ಬರೆದದ್ದಕ್ಕೆ ನೀನು, ಅಚ್ಚುಹಾಕಿದ್ದಕ್ಕೆ ನಾನು, ಏನು ಬರುತ್ತದೋ ಬರಲಿ. ಮಾಡದೇ ಇರುವುದಕ್ಕೆ ಮಾತ್ರ ನೀನು ಒಳಗೆ ಹೋಗಕೂಡದು.

ಅಂಚೆಗೆ ಹಾಕಿದರೆ ಇದು ನಿನ್ನ ಕೈ ಸೇರುವಷ್ಟರಲ್ಲಿ ಒಂಬತ್ತನೇ ತಾರೀಖು ಕಳೆದಿರುತ್ತದೆ. ಆದ್ದರಿಂದ ನಾನೇ ತರುತ್ತಿದ್ದೇನೆ. ಬೆಳಿಗ್ಗೆ ಎಂಟಕ್ಕೆ ನಿನ್ನ ಬೀದಿಯಲ್ಲಿರುತ್ತೇನೆ. ಬಾಗಿಲು ತಟ್ಟುವುದಿಲ್ಲ, ನೀನು ಹೆದರುತ್ತೀಯ. ಕೆಳಗಿನ ಸಂದಿಯಿಂದ ಇದನ್ನು ಒಳಗೆ ತಳ್ಳುತ್ತೇನೆ. ಇದನ್ನೂ ಯಾರೋ ಕೂತು ಬರೆಸಿದ್ದಾರೆ ಅನ್ನಿಸಿದರೆ ಮಡಿಕೆಯೊಳಗೆ ನೋಡು. ಬಸ್ಸು ಹತ್ತುವ ಮುಂಚೆ ಚಿಕ್ಕಮ್ಮ ಕೈಯಾರೆ ಬರೆದುಕೊಟ್ಟ ಚೀಟಿ ಇದೆ. ನೂರ ಇಪ್ಪತ್ತೈದು.

ಪುಟ್ಟಿಯ ಬಾಯಿಂದ ಕೈ ತೆಗೆ. ಹೊರಗೆ ನಿಂತಿರುವವನು ನಾನು. ಚಿಲಕ ತೆಗೆ ಅಕ್ಕಾ.